ಸೀಳು ಗೋಡೆಯ ಕಡೆಗೆ

ಆ ಗುರುವಾರ ಬೆಳಿಗ್ಗೆ ನಮ್ಮ ಫ್ರೀಜರಿನಲ್ಲಿ ಐಸ್ ಟ್ರೇಯ ಪಕ್ಕ ಎರಡು ಉಕ್ಕಿನ ಪಿನ್ನುಗಳಿದ್ದವು. ಒಲೆಯ ಮೇಲೆ ಒಂದು ಕಡೆ ಹಾಲು, ಇನ್ನೊಂದು ಕಡೆ ತಳ ಕಪ್ಪಾದ ಹಳೆಯ ಪಾತ್ರೆಯಲ್ಲಿ ಎರಡು ಪಿಸ್ಟನ್‌ಗಳು ಕುದಿಯುತ್ತಿದ್ದವು. ಹಾಲು ಉಕ್ಕದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಪಿಸ್ಟನ್ ಉಕ್ಕುವುದಿಲ್ಲ, ಅದೊಂದು ಅನುಕೂಲ.

ಮದುವೆಯಾದ ಹೊಸದರಲ್ಲಿ ಇದನ್ನು ನೋಡಿ ನಾನು ಹೆದರಿದ್ದೆ. ಕಾಯಿಸಿದರೆ ಪಿಸ್ಟನ್ನಿನ ತೂತು ಕೂದಲೆಳೆಯಷ್ಟು ಹಿಗ್ಗುತ್ತದೆ, ತಣ್ಣಗಿಟ್ಟ ಪಿನ್ನು ಕುಗ್ಗುತ್ತದೆ, ಆಗ ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ಸೇರಿಸಬಹುದು, ಸುತ್ತಿಗೆ ಮುಟ್ಟುವ ಹಾಗೇ ಇಲ್ಲ ಎಂದು ಇವರು ವಿವರಿಸಿದ ಮೇಲೆ ನನಗೂ ಅದು ಅಡುಗೆಯ ಹಾಗೇ ಕಂಡಿತು. ಹಳೆಯ ಮೋಟರ್‌ಸೈಕಲ್ಲುಗಳ ಇಂಜಿನ್ ಕಟ್ಟುವುದು ಇವರ ಕಸುಬು. ಅಂಗಡಿ ಎಂದರೆ ನಮ್ಮ ಹಿತ್ತಲಿನ ತಗಡಿನ ಶೆಡ್ಡು. ಮೂವತ್ತು ವರ್ಷದಿಂದ ಅಲ್ಲಿ ಮೂರನೆಯ ಕೈ ಬೇಕಾದಾಗಲೆಲ್ಲ ನನ್ನ ಕೂಗುತ್ತಾರೆ. ನಾನು ಸೆರಗಿಗೆ ಕೈ ಒರೆಸಿಕೊಂಡು ಹೋಗುತ್ತೇನೆ.

ಈ ಸಲ ಇವರ ಕೈಯೇ ಎರಡರಿಂದ ಒಂದಕ್ಕಿಳಿದಿತ್ತು. ಜೀವಮಾನವೆಲ್ಲ ಬೈಕಿನ ಮೇಲೆ ಓಡಾಡಿ ಒಮ್ಮೆಯೂ ಬೀಳದವರು ಬಚ್ಚಲಲ್ಲಿ ಸೋಪಿನ ಮೇಲೆ ಕಾಲಿಟ್ಟು ಬಲಗೈ ಮಣಿಕಟ್ಟು ಮುರಿದುಕೊಂಡರು. ಎಂಟು ವಾರ ಪ್ಲಾಸ್ಟರು. ಆಮೇಲೂ ಹಿಡಿತ ಮೊದಲಿನ ಹಾಗೆ ಬರುತ್ತದೆ ಎಂದು ಹೇಳಲಾಗದು ಎಂದರು ಡಾಕ್ಟರು. ಶೆಡ್ಡಿನಲ್ಲಿ ಬಿಚ್ಚಿ ಹಾಕಿದ ಮೂರು ಇಂಜಿನ್‌ಗಳಿದ್ದವು. ಎಲ್ಲವನ್ನೂ ಡಬ್ಬಿಗೆ ತುಂಬಿ ವಾಪಸು ಕಳಿಸಿ ಅಂಗಡಿ ಮುಚ್ಚುವುದೆಂದು ಇವರು ತೀರ್ಮಾನಿಸಿಬಿಟ್ಟರು. ಮಗಳಿಗೆ ಅವಳ ಚಿಕ್ಕಪ್ಪನ ಬಿಡಿಭಾಗದ ಅಂಗಡಿಯಲ್ಲಿ ಕೌಂಟರಿನ ಕೆಲಸ ಕಾದಿತ್ತು.

"ನಾನು ಕಟ್ತೀನಿ," ಅಂದಳು ಮಗಳು.

"ಕೈ ಕೊಡೋದು ಬೇರೆ, ಕಟ್ಟೋದು ಬೇರೆ ಕಣೇ."

"ಹತ್ತು ವರ್ಷದಿಂದ ಕೈ ಕೊಡ್ತಾನೇ ಇದೀನಲ್ಲಪ್ಪಾ. ಇನ್ನೂ ಎಷ್ಟು ಕೊಡ್ಲಿ, ಮೊಣಕೈವರೆಗೂ ಕೊಟ್ಟಾಯ್ತು."

ಇವರು ಒಂದು ಊಟದ ಹೊತ್ತು ಪೂರ್ತಿ ಯೋಚಿಸಿದರು. ಎಡಗೈಯಲ್ಲಿ ಚಮಚ ಹಿಡಿದು ಅರ್ಧ ಚೆಲ್ಲುತ್ತಾ, ಕೊನೆಗೆ ಅಂದರು: "ಒಂದು. ಕನ್ನಡಕದವರ ಅವಳಿ. ಶನಿವಾರ ಅವ್ರು ಬರ್ತಾರೆ. ಅದು ಸರಿಯಾಗಿ ಎದ್ರೆ ಉಳಿದ ಎರಡೂ ನಿಂದೇ, ಶೆಡ್ಡೂ ನಿಂದೇ. ಇಲ್ಲ ಅಂದ್ರೆ ಸೋಮವಾರದಿಂದ ಕೌಂಟರು. ನಾನು ಒಳಗೆ ಕಾಲಿಡಲ್ಲ."

ಕನ್ನಡಕದವರು ಎಂದರೆ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಹಿರಿಯರು. ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡುತ್ತಾರೆ, ತಮ್ಮ ಬೈಕಿನಲ್ಲಿ ಎಣ್ಣೆ ಎಷ್ಟಿದೆ ಎಂದು ಮಾತ್ರ ಕಾಣಿಸುವುದಿಲ್ಲ. ಅವರದು ಎರಡು ಸಿಲಿಂಡರಿನ ಹಳೆಯ ಗಾಡಿ, ಅದಕ್ಕೇ ಅವಳಿ. ಅದಕ್ಕೆ ಒಪ್ಪುವ ರಿಂಗಿನ ಸೆಟ್ಟು ಹುಡುಕಲು ಇವರಿಗೆ ಏಳು ತಿಂಗಳು ಹಿಡಿದಿತ್ತು. ಸಿಕ್ಕಿದ್ದು ಒಂದೇ ಸೆಟ್ಟು. ಪಿಸ್ಟನ್ನಿನ ಸುತ್ತ ತೊಡಿಸುವ ಈ ಎರಕದ ರಿಂಗುಗಳು ಗಾಜಿನ ಬಳೆಗಿಂತ ಕಡೆ. ಒಂದು ಬೆರಳು ಹೆಚ್ಚು ಅಗಲಿಸಿದರೆ ಟಿಂಗ್ ಎಂದು ಎರಡಾಗುತ್ತವೆ.

ನಾನು ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಶೆಡ್ಡಿಗೆ ಹೋದಾಗ ಬೆಂಚು ಇದ್ದ ಜಾಗದಲ್ಲಿರಲಿಲ್ಲ. ಇವರ ಬೆಂಚು ಯಾವತ್ತೂ ಗೋಡೆಗೆ ಅಂಟಿಕೊಂಡಿರುತ್ತದೆ. ಇವರು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ, ಕಿಟಕಿಯ ಬೆಳಕು ಎಡದಿಂದ ಬರುತ್ತದೆ. ಮಗಳು ಎಡಚಿ. ಅವಳು ಕೈ ಚಾಚಿದರೆ ನೆರಳು ಕೆಲಸದ ಮೇಲೆಯೇ ಬೀಳುತ್ತದೆ. ಅದಕ್ಕೆ ಬೆಂಚನ್ನು ಎರಡು ಮಾರು ಈಚೆಗೆಳೆದು, ಗೋಡೆಗೆ ಬೆನ್ನು ಮಾಡಿ ಆಚೆ ಬದಿಗೆ ನಿಂತಿದ್ದಳು. ಬೆಂಚಿನ ಮೇಲೆ ಮರದ ಚೌಕಟ್ಟಿನಲ್ಲಿ ಇಂಜಿನ್ನಿನ ಕೆಳಗಿನ ಅರ್ಧ ಕೂತಿತ್ತು. ಪಿಸ್ಟನ್ ಸಿಕ್ಕಿಸುವ ಎರಡು ರಾಡುಗಳು ಮೇಲೆ ಚಾಚಿಕೊಂಡಿದ್ದವು.

"ನೋಡು, ಈಗ ಬೆಳಕು ಬಲದಿಂದ," ಅಂದಳು. ಅವಳ ಮುಖ ಹಬೆಯಾಡುವ ಪಾತ್ರೆಗಿಂತ ಬೆಚ್ಚಗಿತ್ತು.

ಇಂಜಿನ್ನಿನ ಬಾಯಿಗೆ ಹಳೆಯ ಬನಿಯನ್ನಿನ ತುಂಡುಗಳನ್ನು ಗಟ್ಟಿಯಾಗಿ ತುರುಕಿದ್ದಳು. ಪಿನ್ನು ಜಾರದಂತೆ ಎರಡೂ ತುದಿಗೆ ಹಾಕುವ ತಂತಿಯ ಲಾಕುಗಳು ಚಿಮ್ಮಿದರೆ ನೇರ ಆ ಬಾಯಿಗೇ ಬೀಳುತ್ತವೆ. ಬಿದ್ದರೆ ಇಡೀ ಇಂಜಿನ್ ಬಿಚ್ಚಬೇಕು. ಬನಿಯನ್ ಇವರದು, ಅದನ್ನು ಹುಡುಕಿ ಇವರು ಬೆಳಿಗ್ಗೆಯಿಂದ ಬೀರು ಕಿತ್ತುಹಾಕುತ್ತಿದ್ದರು.

"ಪಿನ್ನು ತಾ ಅಮ್ಮಾ. ಓಡಿ ಬಾ, ಬೆಚ್ಚಗಾಗತ್ತೆ."

ಓಡಿದೆ. ಅವಳು ಪಿಸ್ಟನ್ ಒರೆಸಿ ಕೈಯಲ್ಲಿ ಹಿಡಿದು ಒಂದು ಕ್ಷಣ ತಡೆದಳು. ಹಳೆಯ ಕಾಲದ ಪಿಸ್ಟನ್ನು. ತಲೆ ಬೋಳು, ಮೇಲೆ ಬಾಣದ ಗುರುತಿಲ್ಲ. ಪಕ್ಕೆಯ ಒಂದು ಬದಿಯಲ್ಲಿ ಮಾತ್ರ ಉದ್ದಕ್ಕೆ ಒಂದು ಸೀಳು. ಬಿಸಿಯಾದಾಗ ಹಿಗ್ಗಲು ಬಿಟ್ಟ ಜಾಗ ಅದು. ಸಿಡಿತದ ಒತ್ತಡ ಬೀಳುವ ಬದಿಗೆ ಆ ಸೀಳು ಬರಬಾರದು. ಬಂದರೆ ಇಂಜಿನ್ ಓಡುತ್ತದೆ, ಆದರೆ ಸ್ವಲ್ಪ ದಿನಕ್ಕೆ ಪಕ್ಕೆ ಬಿರುಕು ಬಿಡುತ್ತದೆ.

"ಸೀಳು ಯಾವ ಕಡೆ?" ಎಂದಳು, ಗೊತ್ತಿದ್ದೂ ಇನ್ನೊಮ್ಮೆ ಖಚಿತ ಮಾಡಿಕೊಳ್ಳುವವರ ಹಾಗೆ.

"ಗೋಡೆ ಕಡೆ," ಅಂದೆ ನಾನು. ಮೂವತ್ತು ವರ್ಷದಿಂದ ಈ ಶೆಡ್ಡಿನಲ್ಲಿ ಕೇಳಿದ ಮಾತು ಅದೇ. 'ಸೀಳು ಗೋಡೆ ಕಡೆ, ಬಾಯಿ ಮುಚ್ಕೊಂಡು ಒತ್ತು.'

"ಗೋಡೆ ಕಡೆ," ಎಂದು ಅವಳೂ ಹೇಳಿ ತಿರುಗಿಸಿ, ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆಣ್ಣೆಗೆ ಬೆರಳಿಟ್ಟ ಹಾಗೆ ಒಳಗೆ ಹೋಯಿತು. ಇಬ್ಬರೂ ನಕ್ಕೆವು. ಎರಡನೆಯದೂ ಹಾಗೆಯೇ.

ಆಮೇಲೆ ರಿಂಗು. ತಗಡಿನ ಮೂರು ತೆಳು ಪಟ್ಟಿಗಳನ್ನು ಪಿಸ್ಟನ್ನಿನ ಸುತ್ತ ನಿಲ್ಲಿಸಿ, ಅವುಗಳ ಮೇಲೆ ರಿಂಗನ್ನು ಜಾರಿಸಿ, ಅದರ ತೋಡಿಗೆ ಬಂದ ಮೇಲೆ ಪಟ್ಟಿ ಎಳೆಯುವುದು. ಕೆಳಗಿನದು ಎಣ್ಣೆ ರಿಂಗು, ಅದರ ಮೇಲೆ ಎರಡು. ಮೂರರ ತುದಿಗಳು ಕೂಡುವ ಬಾಯಿಗಳೂ ಒಂದೇ ಸಾಲಿಗೆ ಬರದಂತೆ ದೂರ ದೂರ ತಿರುಗಿಸಿಟ್ಟಳು. ಆರು ರಿಂಗು ಮುಗಿಯುವ ಹೊತ್ತಿಗೆ ನಾನು ಉಸಿರಾಡಿದ್ದು ನನಗೆ ನೆನಪಿಲ್ಲ.

ಎರಡೂ ಪಿಸ್ಟನ್‌ಗಳ ಮೇಲೆ ಎರಡು ಸಿಲಿಂಡರ್ ಕೊರೆದ ಭಾರದ ಬ್ಲಾಕು ಏಕಕಾಲಕ್ಕೆ ಇಳಿಯಬೇಕು. ಅದಕ್ಕೇ ನಾಲ್ಕು ಕೈ. ಪಿಸ್ಟನ್‌ಗಳು ಅಲ್ಲಾಡದಂತೆ ಅವುಗಳ ಅಡಿಗೆ, ಇಂಜಿನ್ನಿನ ಬಾಯಿಗೆ ಅಡ್ಡಲಾಗಿ ಕವೆಯಂಥ ಮರದ ಎರಡು ತುಂಡು ಇಡುತ್ತಾರೆ. ರಿಂಗುಗಳನ್ನು ಅದುಮಿ ಹಿಡಿಯಲು ಇವರದು ಎಣ್ಣೆ ಡಬ್ಬಿಯಿಂದ ಕತ್ತರಿಸಿದ ಪಟ್ಟಿ. ಮಗಳದು ಬಿಸ್ಕತ್ತಿನ ಡಬ್ಬಿಯದು, ಅಂಚು ಮರಳು ಕಾಗದದಲ್ಲಿ ತೀಡಿ, ಪ್ಲಾಸ್ಟಿಕ್ ಟ್ಯಾಗಿನಿಂದ ಬಿಗಿದದ್ದು.

ಕಿಟಕಿಯ ಹೊರಗಿನಿಂದ ಇವರ ದನಿ ಬಂತು. ಒಳಗೆ ಕಾಲಿಡುವುದಿಲ್ಲ ಎಂದವರು ಕುರ್ಚಿಯನ್ನು ಕಿಟಕಿಯ ಕೆಳಗೇ ಹಾಕಿಕೊಂಡಿದ್ದರು. "ಬಿಸ್ಕತ್ತಿನ ಡಬ್ಬಿ ಅಂತೆ. ಚಹಾನೂ ಕೊಡಿ ಪಿಸ್ಟನ್ನಿಗೆ."

"ಕಿವಿ ಒಳಗಿದ್ರೆ ಕಾಲೂ ಒಳಗಿದ್ದ ಹಾಗೇ ಅಪ್ಪಾ!" ಎಂದು ಕೂಗಿದಳು. ಹೊರಗೆ ಕುರ್ಚಿ ಕಿರ್ ಎಂದಿತು.

ಅವಳು ಬ್ಲಾಕು ಹಿಡಿದಳು, ನಾನು ಪಟ್ಟಿಗಳನ್ನು. "ಇಳಿಸ್ತೀನಿ... ನಿಲ್ಲು... ಎಡಗಡೆದು ಒತ್ತು... ಹಾಂ." ಮೊದಲ ರಿಂಗು ಹೋಯಿತು. ಎರಡನೆಯದು. ಎಣ್ಣೆ ರಿಂಗು ಸ್ವಲ್ಪ ಹಟ ಮಾಡಿ, ಉಗುರಿನಲ್ಲಿ ಒತ್ತಿದ ಮೇಲೆ ಒಳಗೆ ಸರಿಯಿತು. ಟ್ಯಾಗು ಕತ್ತರಿಸಿ, ಪಟ್ಟಿ ಎಳೆದು, ಮರದ ತುಂಡು ತೆಗೆದು, ಬನಿಯನ್ ಚೂರು ಎಣಿಸಿ ಹೊರಗಿಟ್ಟು, ಬ್ಲಾಕನ್ನು ಪ್ಯಾಕಿಂಗಿನ ಮೇಲೆ ಕೂರಿಸಿದಳು. ಒಂದು ನಟ್ಟು ಸುಮ್ಮನೆ ತಿರುಗಿಸಿಟ್ಟು ನನ್ನ ಮುಖ ನೋಡಿದಳು. ಎಣ್ಣೆಯ ಕೈಯಲ್ಲೇ ಅವಳ ಕೆನ್ನೆ ತಟ್ಟಿ ನಾನು ಒಗೆದ ಬಟ್ಟೆ ಹರವಲು ಹೋದೆ.

ಬಟ್ಟೆ ಹರವಿ ಬಕೆಟ್ ಇಡಲು ಬಂದಾಗ, ಶೆಡ್ಡಿನ ಬಾಗಿಲಲ್ಲಿ ನಿಂತೆ. ಇಂಜಿನ್ನಿನ ಗಲ್ಲ ನನ್ನನ್ನೇ ನೋಡುತ್ತಿತ್ತು.

ಗಲ್ಲ ಎಂದು ಇವರು ಕರೆಯುವುದು ಇಂಜಿನ್ನಿನ ಮುಂಭಾಗದಲ್ಲಿ ಡೈನಮೋ ಕೂರುವ ತಗ್ಗಿಗೆ. ಇವರು ಕೆಲಸ ಮಾಡುವಾಗ ಅದು ಗೋಡೆಯ ಕಡೆಗಿರುತ್ತದೆ. ಬಾಗಿಲಲ್ಲಿ ನಿಂತವರಿಗೆ ಇಂಜಿನ್ನಿನ ಬೆನ್ನು ಕಾಣುತ್ತದೆ, ಇಷ್ಟು ವರ್ಷ ನಾನು ಕಂಡದ್ದು ಬೆನ್ನೇ. ಇವತ್ತು ಮಗಳು ಆಚೆ ಬದಿಗೆ ನಿಂತಿದ್ದಳು, ಅಪ್ಪನ ಹಾಗೆಯೇ ಇಂಜಿನ್ನಿನ ಬೆನ್ನನ್ನು ತನ್ನ ಕಡೆ ಇಟ್ಟುಕೊಳ್ಳಲು ಅದನ್ನೂ ತಿರುಗಿಸಿದ್ದಳು. ಸೀಳು ಇರಬೇಕಾದ್ದು ಗಲ್ಲದ ಕಡೆಗೆ. ನಾವು ಅದನ್ನು ಗೋಡೆಯ ಕಡೆಗಿಟ್ಟಿದ್ದೆವು.

ಬ್ಲಾಕು ಮುಚ್ಚಿಯಾಗಿದೆ, ಸೀಳು ಯಾರಿಗೂ ಕಾಣುವುದಿಲ್ಲ. ಶನಿವಾರ ಗಾಡಿ ಏಳುತ್ತದೆ. ಇವರ ಕಿವಿಗೆ ಒಂದು ಸಣ್ಣ ಕಟಕಟ ಕೇಳಬಹುದು, ಕೇಳದೆಯೂ ಇರಬಹುದು. ಇವಳಿಗೆ ಶೆಡ್ಡು ಸಿಗುತ್ತದೆ. ಬೇಸಿಗೆಯಲ್ಲಿ ಎಲ್ಲೋ ದಾರಿಯಲ್ಲಿ ಪಿಸ್ಟನ್ ಬಿರುಕು ಬಿಡುತ್ತದೆ, ಆಗ ಹೆಸರು ಕೆಡುವುದೂ ಇವಳದೇ. ಇಷ್ಟು ಯೋಚಿಸಲು ಬಕೆಟ್ ಕೆಳಗಿಡುವಷ್ಟೇ ಹೊತ್ತು ಬೇಕಾಯಿತು.

"ಪುಟ್ಟಿ," ಅಂದೆ ದನಿ ತಗ್ಗಿಸಿ, "ಗಲ್ಲ ಎಲ್ಲಿದೆ ನೋಡು."

ಅವಳು ನೋಡಿದಳು. ಗೋಡೆ ನೋಡಿದಳು. ಕೈಯಲ್ಲಿದ್ದ ಸ್ಪ್ಯಾನರನ್ನು ಶಬ್ದವಾಗದಂತೆ ಬೆಂಚಿನ ಮೇಲಿಟ್ಟು, ಮಗುಚಿದ ಡಬ್ಬದ ಮೇಲೆ ಕೂತುಬಿಟ್ಟಳು.

"ಅಮ್ಮಾ, ನೀನೇ ಹೇಳಿದ್ದು."

"ಹೌದು, ನಾನೇ."

"ನಾನಾದ್ರೂ ನೋಡ್ಬೇಕಿತ್ತು. ಕಣ್ಣೇನು ಕನ್ನಡಕದವ್ರಿಗೆ ಕೊಟ್ಟಿದ್ನಾ?" ಎಂದು ತಲೆಯ ಮೇಲೆ ಕೈ ಹೊತ್ತಳು. ಕಿಟಕಿಯ ಕಡೆ ನೋಡಿ ಪಿಸುಗುಟ್ಟಿದಳು: "ಅಪ್ಪಂಗೆ ಗೊತ್ತಾಗೋದು ಬೇಡ. ಈಗ್ಲೇ ಎತ್ತಿಬಿಡೋಣ. ಹತ್ತು ನಿಮಿಷ. ಪಾತ್ರೆ ಮತ್ತೆ ಒಲೆ ಮೇಲಿಡು."

"ನಿಧಾನ..."

"ಹಿಡ್ಕೋ ಅಮ್ಮಾ!"

ಬ್ಲಾಕು ಎತ್ತುವಾಗಲೂ ಅಡಿಗೆ ಮರದ ತುಂಡು ಇಡಬೇಕು. ಪಿಸ್ಟನ್‌ಗಳು ಹೊರಬಂದ ಕೂಡಲೇ ಕತ್ತು ವಾಲಿಸಿ ಬೀಳುತ್ತವೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೆ ಇಬ್ಬರ ಮನಸ್ಸೂ ಕಿಟಕಿಯ ಹೊರಗಿನ ಕುರ್ಚಿಯಲ್ಲಿತ್ತು. ಬ್ಲಾಕು ಮೇಲೆ ಬಂತು, ಒಂದು ಪಿಸ್ಟನ್ ಸರಿಯಾಗಿ ನಿಂತಿತು, ಇನ್ನೊಂದು ವಾಲಿ ಪಕ್ಕದ ಬೋಲ್ಟಿಗೆ ಬಡಿಯಿತು.

ಟಿಂಗ್.

ಸಣ್ಣ ಶಬ್ದ. ಒಂದು ಗಾಜಿನ ಬಳೆ ಒಡೆದರೆ ಇದಕ್ಕಿಂತ ಜೋರಾಗಿ ಕೇಳುತ್ತದೆ. ಎಣ್ಣೆ ರಿಂಗಿನ ಒಂದು ಚೂರು, ಉಗುರಿನಷ್ಟು, ಬೆಂಚಿನ ಮೇಲೆ ಬಿದ್ದಿತ್ತು.

"ಏನದು?" ಎಂದರು ಹೊರಗಿನಿಂದ.

ಮಗಳು ನನ್ನನ್ನು ನೋಡಿದಳು. 'ಸ್ಪ್ಯಾನರ್ ಬಿತ್ತು ರೀ' ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಇವರು ನಂಬಿದಂತೆ ಮಾಡುತ್ತಿದ್ದರು. ಅವಳು ಬ್ಲಾಕನ್ನು ಬಟ್ಟೆಯ ಮೇಲೆ ಮಲಗಿಸಿ, ಮುರಿದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಹೊರಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ.

"ಅಪ್ಪಾ, ಪಿಸ್ಟನ್ ತಿರುಗಾಮುರುಗ ಹಾಕಿದ್ದೆ. ಸೀಳು ಹಿಂದಕ್ಕೆ ಹೋಗಿತ್ತು. ನಿಮಗೆ ಗೊತ್ತಾಗದ ಹಾಗೆ ಬಿಚ್ಚಿ ಸರಿ ಮಾಡೋಣ ಅಂತ ಹೋದೆ. ಅವಸರದಲ್ಲಿ ರಿಂಗು ಮುರೀತು."

ಇವರು ಚೂರನ್ನು ಎಡಗೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದರು. ಹಗ್ಗದ ಮೇಲಿನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಿರುಗಾಮುರುಗ ಹೇಗಾಯ್ತು?"

"ಗೋಡೆ ಕಡೆ ಅಂತ ಹಾಕಿದೆ. ಬೆಂಚು ಆಚೆ ಎಳ್ಕೊಂಡಿದ್ದೆ. ನನ್ನ ಕೈಗೆ ಬೆಳಕು ಬೀಳಲ್ಲ ಅಲ್ಲಿ."

"ಗೋಡೆ ಕಡೆ ಅಂದಿದ್ದು ನಾನೇ ರೀ," ಅಂದೆ ಬಾಗಿಲಿನಿಂದ.

"ನಿಂಗೆ ಹೇಳ್ಕೊಟ್ಟಿದ್ದು ಯಾರು?" ಎಂದು ನನ್ನನ್ನು ಗದರಿದರು. ಆ ಪ್ರಶ್ನೆಗೆ ಉತ್ತರ ತಾವೇ ಎಂದು ಹೊಳೆದು ಮೂಗು ತಿಕ್ಕಿಕೊಂಡರು. "ನನ್ನ ಗುರುಗಳ ಬೆಂಚೂ ಗೋಡೆಗೇ ಇತ್ತು. ಅವ್ರೂ ಹಾಗೇ ಅಂತಿದ್ರು. ಇಪ್ಪತ್ತೈದು ವರ್ಷದಿಂದ ಇವಳ ಎಡಗೈ ನೋಡ್ತಿದೀನಿ, ಬೆಂಚು ತಿರುಗಿಸ್ಬೇಕು ಅಂತ ತಲೆಗೆ ಹೋಗ್ಲಿಲ್ಲ ನೋಡು." ಎದ್ದು ನಿಂತು ಕಿಟಕಿಯೊಳಗೆ ಇಣುಕಿದರು. "ಬನಿಯನ್ ಎಲ್ಲಿ ಹೋಯ್ತು ಅಂತ ಮಾತ್ರ ಈಗ ಗೊತ್ತಾಯ್ತು."

ಕಾಲಿಡುವುದಿಲ್ಲ ಎಂದವರು ಒಳಗೆ ಬಂದರು. ಮೇಲಿನ ಅಟ್ಟದಲ್ಲಿ ಒಂದು ಹಳೆಯ ಪೌಡರ್ ಡಬ್ಬಿಯಿದೆ, ಅದರ ತುಂಬ ಜೋಡಿ ತಪ್ಪಿದ ರಿಂಗುಗಳು. ನಾನು ಸ್ಟೂಲು ಹತ್ತಿ ಇಳಿಸಿಕೊಟ್ಟೆ. ಮಗಳು ಒಂದೊಂದನ್ನೂ ಅಳೆದು, ಅರ್ಧ ಗಂಟೆಯ ಮೇಲೆ ಒಂದನ್ನು ಎತ್ತಿ ಹಿಡಿದಳು. ದಪ್ಪ ಸರಿ, ಆದರೆ ಒಂದು ಅಳತೆ ದೊಡ್ಡದು. ಸಿಲಿಂಡರಿನ ಬೋರಿನೊಳಗೆ ಅದರ ಎರಡು ತುದಿಗಳೂ ಒಂದರ ಮೇಲೊಂದು ಹತ್ತುತ್ತಿದ್ದವು. ತುದಿಯನ್ನು ಅರದಲ್ಲಿ ತೀಡಿ ಸರಿಯಾದ ಸಂದು ಬರಿಸಬೇಕು. ಒಂದು ಎಳೆ ಹೆಚ್ಚಾದರೆ ಎಣ್ಣೆ ಸುಡುತ್ತದೆ, ಕಡಿಮೆಯಾದರೆ ಬಿಸಿಗೆ ಹಿಗ್ಗಿ ಮುರಿಯುತ್ತದೆ.

ಅರವನ್ನು ವೈಸಿಗೆ ಕಚ್ಚಿಸಿ, ರಿಂಗನ್ನೇ ಅದರ ಮೇಲೆ ಎಳೆಯತೊಡಗಿದಳು. ಹೊರಗಿನಿಂದ ಒಳಗೆ, ಒಂದೇ ದಿಕ್ಕಿಗೆ. ನಾಲ್ಕು ಸಲ ಎಳೆದು ಬೋರಿಗೆ ಹಾಕಿ, ಪಿಸ್ಟನ್ನಿನ ತಲೆಯಿಂದ ಸಮವಾಗಿ ತಳ್ಳಿ, ಗೇಜಿನ ತೆಳು ಎಲೆ ತೂರಿಸಿ ನೋಡುವುದು. ಮತ್ತೆ ತೆಗೆದು ನಾಲ್ಕು ಸಲ. ಇವರು ಪಕ್ಕದಲ್ಲೇ ನಿಂತಿದ್ದರು. ಪ್ಲಾಸ್ಟರಿನಿಂದ ಹೊರಗಿದ್ದ ನಾಲ್ಕು ಬೆರಳೂ ಅವಳ ಜೊತೆಗೇ ಮುಂದೆ ಹಿಂದೆ ಆಡುತ್ತಿದ್ದವು.

"ನೆಟ್ಟಗೆ ಹಿಡಿ. ಓರೆಯಾಗ್ತಿದೆ. ಇನ್ನು ಎರಡೇ ಎಳೆ. ಸಾಕು, ಅಲ್ಲ, ಇನ್ನೊಂದು... ನಿಧಾನ ಕಣೇ..."

"ಅಪ್ಪಾ," ಅಂದಳು ತಲೆಯೆತ್ತದೆ, "ಸ್ವಲ್ಪ ಸುಮ್ನಿರ್ತೀರಾ?"

ನಾನು ಪಾತ್ರೆಯ ಬಟ್ಟೆ ಬಿಗಿಯಾಗಿ ಹಿಡಿದೆ. ಈ ಶೆಡ್ಡಿನಲ್ಲಿ ಇವರಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಇವರು ಹೋಗಿ ಆ ಮಗುಚಿದ ಡಬ್ಬದ ಮೇಲೆ ಕೂತರು. ಅವಳು ಇನ್ನೂ ಆರು ಸಲ ಎಳೆದಳು. ಗೇಜಿನಲ್ಲಿ ಬೇಕಾದ ಅಳತೆಯ, ಹದಿನಾಲ್ಕರ ಎಲೆ ಸಂದಿನಲ್ಲಿ ಕಚ್ಚಿಕೊಂಡೂ ಕಚ್ಚದಂತೆ ಜಾರಿತು. ತುದಿಗಳನ್ನು ಮೃದುವಾಗಿ ತೀಡಿ, ರಿಂಗನ್ನು ತಂದು ಇವರ ಎಡಗೈಯಲ್ಲಿಟ್ಟಳು. ಇವರು ಎಲೆ ತೂರಿಸಿ ನೋಡಲಿಲ್ಲ. ಹೆಬ್ಬೆರಳಿನಿಂದ ಎರಡು ತುದಿ ಸವರಿ ವಾಪಸು ಕೊಟ್ಟರು.

ಮತ್ತೆ ಪಾತ್ರೆ ಕುದಿಯಿತು, ಮತ್ತೆ ಪಿನ್ನು ಫ್ರೀಜರಿಗೆ ಹೋಯಿತು. ಹಾಲು ಮಾತ್ರ ಈ ನಡುವೆ ಉಕ್ಕಿ ಒಲೆಯೆಲ್ಲ ಹರಿದಿತ್ತು, ಅದನ್ನು ಒರೆಸುವುದು ನನ್ನ ಪಾಲಿಗೆ. ಈ ಸಲ ಸೀಳು ಗಲ್ಲದ ಕಡೆಗೆ. ಮೂವರೂ ಬಾಗಿ ನೋಡಿ, ಮೂವರೂ ಬೆರಳಿಟ್ಟು ಮುಟ್ಟಿ, ಆಮೇಲೆ ಲಾಕು ಹಾಕಿದ್ದು. ಸಂಜೆ ನಾಲ್ಕಕ್ಕೆ ಬ್ಲಾಕು ಕೂತಿತು. ಮಾರನೆಯ ದಿನ ತಲೆಭಾಗ ಕೂರಿಸಿ, ಇಂಜಿನ್ನನ್ನು ಗಾಡಿಗೆ ಏರಿಸಿದ್ದಾಯಿತು. ಎತ್ತಲು ಪಕ್ಕದ ಮನೆಯ ಬಡಗಿ ಬಂದಿದ್ದ. ಬೆಂಚನ್ನು ಮಾತ್ರ ಯಾರೂ ಹಳೆಯ ಜಾಗಕ್ಕೆ ಸರಿಸಲಿಲ್ಲ. ಇವರು ಯಾವ ತೀರ್ಪನ್ನೂ ಹೇಳಲಿಲ್ಲ. ಮಗಳು ಶುಕ್ರವಾರ ಊಟದಲ್ಲಿ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ನಾನು ಒತ್ತಾಯ ಮಾಡಲಿಲ್ಲ, ಹಾಲು ಮಾತ್ರ ಕುಡಿಸಿದೆ.

ಶನಿವಾರ ಹತ್ತಕ್ಕೆ ಕನ್ನಡಕದವರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಳೆಯ ಹೆಲ್ಮೆಟ್ಟು.

"ಮಾಸ್ಟ್ರೇ, ನಮ್ಮ ಅವಳಿ ಮಕ್ಕಳು ಹೇಗಿದಾರೆ?"

ಇವರು ಉತ್ತರ ಕೊಡುವ ಮೊದಲೇ ಮಗಳು ಮುಂದೆ ಬಂದಳು.

"ಶುರು ಮಾಡೋದಕ್ಕೆ ಮುಂಚೆ ಒಂದು ಮಾತು ಸರ್. ಎಡಗಡೆ ಸಿಲಿಂಡರಿನ ಎಣ್ಣೆ ರಿಂಗು ಆ ಸೆಟ್ಟಿಂದಲ್ಲ. ನಾನು ಮುರಿದೆ. ದೊಡ್ಡ ಅಳತೇದನ್ನ ತೀಡಿ ಕೂರಿಸಿದೀನಿ."

ಕನ್ನಡಕದವರು ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಏಳು ತಿಂಗಳು ಕಾದಿದ್ದು ಅದಕ್ಕೇ ಅಲ್ವೇನಮ್ಮಾ?"

"ಹೌದು ಸರ್."

ಅವರು ಇವರ ಕಡೆ ತಿರುಗಿದರು. ಇವರು ಶೆಡ್ಡಿನ ಕಂಬಕ್ಕೆ ಒರಗಿ ಪ್ಲಾಸ್ಟರಿನೊಳಗೆ ಸೈಕಲ್ ಕಡ್ಡಿ ತೂರಿಸಿ ತುರಿಸಿಕೊಳ್ಳುತ್ತಿದ್ದರು. "ಏನ್ರೀ ಮಾಸ್ಟ್ರೇ ಇದು? ಓಡತ್ತಾ? ನೀವೇನಂತೀರಿ?"

"ನನ್ನ ಯಾಕೆ ಕೇಳ್ತೀರಿ?" ಅಂದರು ಇವರು, ಕಡ್ಡಿ ತೂರಿಸುತ್ತಲೇ. "ಇಂಜಿನ್ ಕಟ್ಟಿದೋಳು ಎದುರಿಗೇ ನಿಂತಿದಾಳಲ್ಲ. ಅವಳನ್ನೇ ಕೇಳಿ."

ಮಗಳು ಒಂದು ಕ್ಷಣ ಅಪ್ಪನ ಮುಖ ನೋಡಿದಳು. ಅಲ್ಲಿ ತುರಿಕೆಯ ಸುಖ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಓಡತ್ತೆ ಸರ್," ಅಂದಳು ಕನ್ನಡಕದವರಿಗೆ. "ಮೊದಲ ಐನೂರು ಕಿಲೋಮೀಟರು ನಲವತ್ತರ ಮೇಲೆ ಹೋಗ್ಬೇಡಿ. ಏರಿನಲ್ಲಿ ಎಳೆಸ್ಬೇಡಿ. ಎಡಗಡೆ ಸೈಲೆನ್ಸರಲ್ಲಿ ನೀಲಿ ಹೊಗೆ ಬಂದ್ರೆ ಅವತ್ತೇ ವಾಪಸ್ ತನ್ನಿ. ಎಣ್ಣೆ ವಾರಕ್ಕೊಂದ್ಸಲ ನೋಡಿ. ಕನ್ನಡಕ ಹಾಕ್ಕೊಂಡು ನೋಡಿ."

"ಇವಳಪ್ಪನೇ ವಾಸಿಯಾಗಿದ್ದ," ಎಂದು ಗೊಣಗುತ್ತಾ ಅವರು ಜೇಬಿನಿಂದ ಪೆನ್ನು ತೆಗೆದು, ಕಾಗದ ಸಿಗದೆ, ಕನ್ನಡಕದ ಡಬ್ಬಿಯ ಒಳಗಿನ ಚೀಟಿಯ ಮೇಲೆಯೇ ಬರೆದುಕೊಂಡರು. "ಎಷ್ಟಂದೆ, ನಲವತ್ತಾ?"

"ನಲವತ್ತು."

ಮಗಳು ಕಿಕ್ಕರ್ ಮೇಲೆ ಕಾಲಿಟ್ಟಳು. ಮೊದಲ ಒದೆಗೆ ಏನೂ ಇಲ್ಲ. ಎರಡನೆಯದಕ್ಕೆ ಒಂದು ಕೆಮ್ಮು. ಮೂರನೆಯದಕ್ಕೆ ಎದ್ದಿತು. ಇವರು ಕಡ್ಡಿ ಪಕ್ಕಕ್ಕಿಟ್ಟು, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳಿದರು. ಅದು ಬಿಸಿಯಾಗುವವರೆಗೂ ಹಾಗೇ ನಿಂತಿದ್ದರು. ಆಮೇಲೆ ಕಣ್ಣು ತೆರೆದು ನನ್ನ ಕಡೆ ತಿರುಗಿ, ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಅಂದರು:

"ಏನೇ, ನನ್ನ ತಮ್ಮಂಗೆ ಒಂದು ಫೋನ್ ಹಚ್ಚು. ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡ್ಕೋ ಅನ್ನು."